ಹಿತ್ತಲ ಹೆಸರು, ಸಂಗನಕಲ್ಲಿನ ಹುರುಳಿ

ಕಳೆದ ಬೇಸಿಗೆಯಲ್ಲಿ ಹಿತ್ತಲಲ್ಲಿ ಒಂದು ಹಿಡಿ ಹೆಸರುಕಾಳು ಬಿತ್ತಿದ್ದೆ. ಇಂಡಿಯನ್ ಅಂಗಡಿಯ ಕಾಳು, ಮೊಳಕೆ ಕಟ್ಟಿ ಉಳಿದದ್ದು. ಗಿಡ ಬಂತು, ಕಾಯಿ ಕಪ್ಪಾಯಿತು. ಶನಿವಾರ ಬಿಡಿಸಿದರಾಯ್ತು ಎಂದು ಸುಮ್ನೆ ಬಿಟ್ಟೆ. ಶುಕ್ರವಾರ ಬಿಸಿಲು ಜೋರಾಗಿತ್ತು. ಮರುದಿನ ಹೋಗಿ ನೋಡಿದರೆ ಅರ್ಧಕ್ಕರ್ಧ ಸಿಪ್ಪೆ ಸುರುಳಿ ಸುತ್ತಿಕೊಂಡಿದೆ, ಕಾಳೆಲ್ಲ ಹುಲ್ಲಿನ ಪಾಲು. ಫೋನಿನಲ್ಲಿ ಅಮ್ಮ ನಕ್ಕರು: "ಹೆಸರುಕಾಯಿ ನಿನ್ನ ರಜಾ ದಿನಕ್ಕೆ ಕಾಯುತ್ತಾ?"

ಗಿಡದ್ದೇನೂ ತಪ್ಪಿಲ್ಲ. ಕಾಯಿ ಸಿಡಿದು ಬೀಜ ದೂರ ಬಿದ್ದರೇ ಅದಕ್ಕೆ ಲಾಭ. ಮನುಷ್ಯ ಬೇಸಾಯಕ್ಕಿಳಿದ ಕಥೆಯ ಗುಟ್ಟು ಬಹಳಷ್ಟು ಇಲ್ಲೇ ಇದೆ.

ಕಾಡು ಗೋಧಿಯ ತೆನೆಯೂ ಹಣ್ಣಾದರೆ ಮುಟ್ಟಿದ ಕೂಡಲೇ ಉದುರುತ್ತದೆ. ಟರ್ಕಿ, ಸಿರಿಯಾ ಕಡೆಯ ಜನ ಅದನ್ನು ಕಲ್ಲಿನ ಕುಡುಗೋಲಿನಿಂದ ಕೊಯ್ದರು. ಉದುರಿದ್ದು ನೆಲಕ್ಕೆ, ಉದುರದೆ ನಿಂತದ್ದು ಮನೆಗೆ. ಮನೆಗೆ ಬಂದದ್ದರಲ್ಲೇ ಬಿತ್ತನೆ. ಹೀಗೆ ಉದುರದ ತಳಿಯೇ ಜಾಸ್ತಿಯಾಯಿತು. ಯಾರೋ ಜಾಣ ಕೂತು ಯೋಚಿಸಿ ಮಾಡಿದ್ದಲ್ಲ. ಕೊಯ್ಯುತ್ತಾ ಬಿತ್ತುತ್ತಾ ತಾನಾಗಿ ಆದದ್ದು, ಅದಕ್ಕೂ ಸಾವಿರಾರು ವರ್ಷ ಹಿಡಿಯಿತು.

ಶಾಲೆಯಲ್ಲಿ ನಾವು ಓದಿದ್ದೇ ಬೇರೆ, ಅಲ್ವಾ? ಅಲೆಮಾರಿ ಮನುಷ್ಯ ಒಂದು ದಿನ ಬೀಜ ಮೊಳೆಯುವುದನ್ನು ಕಂಡ, ಹೊಲ ಮಾಡಿದ, ಸುಖವಾಗಿದ್ದ. ನನಗೆ ಈ ಕಥೆಯ ಒಂದು ಸಾಲೂ ಒಪ್ಪಿಗೆಯಿಲ್ಲ. ಇಸ್ರೇಲಿನ ಗಲಿಲೀ ಸರೋವರದ ದಂಡೆಯ ಒಹಾಲೋದಲ್ಲಿ ಸುಮಾರು 23,000 ವರ್ಷ ಹಿಂದೆಯೇ ಕಾಡು ಬಾರ್ಲಿ ತಂದು ಕಲ್ಲಿನ ಮೇಲೆ ಅರೆಯುತ್ತಿದ್ದರು. ಜೋರ್ಡಾನಿನ ಶುಬೈಕಾದಲ್ಲಿ ಸಿಕ್ಕ ಕರಕಲು ರೊಟ್ಟಿ ಚೂರುಗಳು 14,000 ವರ್ಷಕ್ಕೂ ಹಳೆಯವು. ಹೊಲಕ್ಕಿಂತ ರೊಟ್ಟಿಯೇ ಮೊದಲು! ಇನ್ನು ಸುಖದ ಮಾತು. ಸಿರಿಯಾದ ಅಬು ಹುರೇರಾದಲ್ಲಿ ಸಿಕ್ಕ ಹೆಂಗಸರ ಮೂಳೆಗಳಲ್ಲಿ ಕಾಲ್ಬೆರಳು, ಮಂಡಿ ಕೆಟ್ಟುಹೋಗಿವೆ. ದಿನಾ ಗಂಟೆಗಟ್ಟಲೆ ಮಂಡಿಯೂರಿ ಕಾಳು ಅರೆದದ್ದರ ಫಲ. ಮಿಕ್ಸಿ ಕೆಟ್ಟರೆ ಹೊರಗಡೆ ಊಟಕ್ಕೆ ಹೊರಡುವವರು ನಾವು.

ನಮ್ಮ ನಾಡಿನಲ್ಲಿ ಕಥೆ ಬೇರೆ ದಾರಿ ಹಿಡಿಯಿತು. ಬಳ್ಳಾರಿ, ರಾಯಚೂರು ಕಡೆ ಬೂದಿ ದಿಬ್ಬಗಳಿವೆ. ಹಂಪಿ ಹತ್ತಿರದ ನಿಂಬಾಪುರದ ದಿಬ್ಬವನ್ನು ವಾಲಿಯನ್ನು ಸುಟ್ಟ ಬೂದಿ ಎನ್ನುತ್ತಾರೆ. ಇಂಥ ದಿಬ್ಬಗಳನ್ನು ಅಗೆದವರಿಗೆ ಸಿಕ್ಕಿದ್ದು ಸುಟ್ಟ ಸಗಣಿ. 1957ರಲ್ಲಿ ಬ್ರಿಟಿಷ್ ಪುರಾತತ್ವಜ್ಞ ಆಲ್ಚಿನ್ ಅವರು ಈಗಿನ ತೆಲಂಗಾಣದ ಉಟ್ನೂರಿನಲ್ಲಿ ಅಗೆದಾಗ ದೊಡ್ಡಿಯ ಬೇಲಿಗೂಟದ ಗುಂಡಿಗಳು ಕಂಡವು, ದನದ ಗೊರಸಿನ ಅಚ್ಚೂ ಕಂಡಿತು. ಅಂದರೆ ಮೊದಲು ದನ, ಆಮೇಲೆ ಹೊಲ.

ಆ ಹೊಲದಲ್ಲಿ ಏನಿತ್ತು? ಬಳ್ಳಾರಿ ಪಕ್ಕದ ಸಂಗನಕಲ್ಲಿನ ಮಣ್ಣನ್ನು ನೀರಿಗೆ ಹಾಕಿ ಸೋಸಿದಾಗ ಸುಮಾರು 4,000 ವರ್ಷ ಹಳೆಯ ಕರಕಲು ಕಾಳುಗಳು ತೇಲಿ ಬಂದವು. ಹುರುಳಿ, ಹೆಸರು, ಕೊರಲೆ. ರಾಗಿ, ಜೋಳ ಆಮೇಲೆ ಆಫ್ರಿಕಾದಿಂದ ಬಂದ ನೆಂಟರು. ಮನೆಯ ಹಿರಿಯರು ಈ ಮೂವರೇ. ಕೊರಲೆಯನ್ನು ತುಮಕೂರು ಕಡೆ ಈಗಲೂ ಬೆಳೆಯುತ್ತಾರೆ. ಪಾಪ, ಹುರುಳಿಗೆ ಮಾತ್ರ 'ಎತ್ತಿಗೆ ಹಾಕೋದು' ಎಂಬ ಹೆಸರು ಅಂಟಿಕೊಂಡಿದೆ.

ಅದಕ್ಕೇ ಈ ಸಲ ನಮ್ಮ ಕೂಟದ ಸಂಕ್ರಾಂತಿ ಊಟಕ್ಕೆ ಹುರುಳಿ ಸಾರು ಸೇರಿಸಿ ಎಂದು ಅಡುಗೆ ತಂಡಕ್ಕೆ ಹೇಳಿದೆ. "ನೂರೈವತ್ತು ಜನದ ಹುರುಳಿಯಲ್ಲಿ ಕಲ್ಲು ಆರಿಸೋರು ಯಾರು?" ಎಂದರು. ನಾನೇ ಎಂದು ಒಪ್ಪಿಕೊಂಡಿದ್ದೇನೆ. ಹಬ್ಬದ ಹಿಂದಿನ ಶುಕ್ರವಾರ ಸಂಜೆ ನಮ್ಮ ಮನೆಗೆ ಬನ್ನಿ, ಕಾಫಿ ಇರುತ್ತದೆ. ನಮ್ಮಲ್ಲಿ ಮೊರ ಒಂದೇ ಇದೆ. ಇದ್ದವರು ತನ್ನಿ.