ಕ್ಯಾಮೆರಾ ಬೈನಾಕ್ಯುಲರ್: ದುರಸ್ತಿಯಲ್ಲಿ ಕೆಟ್ಟ ಬಲ ನಳಿಕೆ, ತಳ್ಳಿಹಾಕಿದ ವಾರಂಟಿ

ಇವರಿಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು

ವಿಷಯ: 8×32 ಕ್ಯಾಮೆರಾ ಬೈನಾಕ್ಯುಲರ್‌ನ ದುರಸ್ತಿ ದೋಷ ಮತ್ತು ವಾರಂಟಿ ನಿರಾಕರಣೆ

ಮಾನ್ಯರೇ,

ನಿಮ್ಮ ಸರ್ವಿಸ್ ಸೆಂಟರ್‌ನಿಂದ ಎರಡನೇ ಸಲ ವಾಪಸು ಬಂದ ಬೈನಾಕ್ಯುಲರ್ ಜೊತೆಗಿದ್ದ ಜಾಬ್ ಶೀಟ್‌ನಲ್ಲಿ ಇರುವುದು ಇಷ್ಟೇ: “ಬಳಕೆದಾರರ ನಿರ್ವಹಣಾ ಲೋಪ, ತೇವಾಂಶ. ಡಯಾಪ್ಟರ್ ಸರಿಪಡಿಸಿಕೊಳ್ಳಿ. ವಾರಂಟಿ ಅನ್ವಯಿಸದು.” (ಡಯಾಪ್ಟರ್ ಎಂದರೆ ಎರಡು ಕಣ್ಣುಗಳ ಫೋಕಸ್ ವ್ಯತ್ಯಾಸ ಸರಿದೂಗಿಸುವ ಉಂಗುರ.) ಯಾವ ಭಾಗದಲ್ಲಿ ಏನು ಲೋಪ ಎಂದು ಬರೆಯುವ ಗೋಜಿಗೆ ಯಾರೂ ಹೋಗಿಲ್ಲ. ಹಾಗಾಗಿ ಆ ಕೆಲಸವನ್ನು ನಾವೇ ಮಾಡಿದ್ದೇವೆ.

ಮೊದಲ ಸಲ ಕಳಿಸಿದ್ದು, ಹತ್ತಿರದ ಫೋಟೋಗಳು ಮಸುಕಾಗುತ್ತವೆ ಎಂದು. ಈ ಮಾದರಿಯಲ್ಲಿ ನೋಡುವ ದಾರಿ ಬೇರೆ, ಫೋಟೋ ತೆಗೆಯುವ ದಾರಿ ಬೇರೆ. ಎರಡು ನಳಿಕೆಗಳ ನಡುವೆ, ಅವುಗಳಿಗಿಂತ 3.5 ಸೆಂ.ಮೀ. ಮೇಲೆ, ಮೂರನೆಯದೊಂದು ಪುಟ್ಟ ಲೆನ್ಸ್ ಇದೆ. ಅದರ ಹಿಂದೆ ಸೆನ್ಸರ್. ಫೋಕಸ್ ಚಕ್ರ ತಿರುಗಿಸಿದರೆ ನಳಿಕೆಯೊಳಗಿನ ಗಾಜು ಸರಿಯುತ್ತದೆಯೇ ಹೊರತು ಕ್ಯಾಮೆರಾ ಲೆನ್ಸ್ ಕೂದಲೆಳೆಯಷ್ಟೂ ಕದಲುವುದಿಲ್ಲ. ಟ್ರೈಪಾಡ್ ಮೇಲಿಟ್ಟು, ಚಕ್ರವನ್ನು ಈ ತುದಿ, ನಡು, ಆ ತುದಿಗೆ ತಿರುಗಿಸಿ ಒಂದೇ ಅಚ್ಚಿನ ಹಾಳೆಯ ಮೂರು ಫೋಟೋ ತೆಗೆದರೆ ಮೂರೂ ಒಂದೇ. ಹಾಳೆ 60 ಮೀಟರ್ ದೂರದಲ್ಲಿದ್ದಾಗ ದೊಡ್ಡ ಅಕ್ಷರಗಳ ಅಂಚು ಚೂಪಾಗಿವೆ. 20 ಮೀಟರ್‌ಗೆ ಬಂದಾಗ ಮೆತ್ತಗಾಗಿವೆ. 8 ಮೀಟರ್‌ನಲ್ಲಿ ಒಂದರೊಳಗೊಂದು ಕರಗಿವೆ. ಅಂದರೆ ಕ್ಯಾಮೆರಾದ ಫೋಕಸ್ ದೂರಕ್ಕೆ ಕಟ್ಟಿಟ್ಟದ್ದು. ಕೈಪಿಡಿಯಲ್ಲಿರುವ “ಕನಿಷ್ಠ ಫೋಕಸ್ ದೂರ 3 ಮೀಟರ್” ಕಣ್ಣಿಗೆ ಮಾತ್ರ ಅನ್ವಯ. ಆ ಒಂದು ಮಾತನ್ನು ಬರೆದಿದ್ದರೆ ನಾವು ಮೊದಲ ಪಾರ್ಸೆಲ್ಲನ್ನೇ ಕಳಿಸುತ್ತಿರಲಿಲ್ಲ.

ನಿಮ್ಮವರು ಮಾಡಿದ್ದೇನು? ಮೊದಲ ಜಾಬ್ ಶೀಟ್ ಪ್ರಕಾರ “ಬಲ ನಳಿಕೆ ತೆರೆದು ಪ್ರಿಸಂ ಸ್ವಚ್ಛಗೊಳಿಸಲಾಗಿದೆ”. ಪ್ರಿಸಂ ಎಂದರೆ ತಲೆಕೆಳಗಾದ ಚಿತ್ರವನ್ನು ನೇರ ಮಾಡಲು ನಳಿಕೆಯೊಳಗೆ ಕೂರಿಸಿದ ಗಾಜು. ದೂರು ಕ್ಯಾಮೆರಾದ್ದು, ಬಿಚ್ಚಿದ್ದು ನಳಿಕೆಯನ್ನು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಯಿತು. ಅಲ್ಲಿಂದೀಚೆಗೆ ಎಲ್ಲವೂ ಎರಡೆರಡಾಗಿ ಕಾಣುತ್ತಿದೆ. ದೂರದ ಚಾವಣಿಯ ಅಂಚನ್ನು ನೋಡುತ್ತಾ ಬೈನಾಕ್ಯುಲರನ್ನು ಕಣ್ಣಿಂದ ಒಂದು ಗೇಣು ದೂರ ಸರಿಸಿದರೆ, ಬಲ ವೃತ್ತದಲ್ಲಿ ಆ ಗೆರೆ ಮೆಟ್ಟಿಲಿನಂತೆ ಮೇಲೆ ನಿಲ್ಲುತ್ತದೆ.

ಇದನ್ನು ಅಳೆಯಲು ನಿಮ್ಮದೇ ಕ್ಯಾಮೆರಾ ಸಾಕಾಯಿತು. ಸುಮಾರು 400 ಮೀಟರ್ ದೂರದ ಕಂಬದ ತುದಿಯನ್ನು ಎಡ ನಳಿಕೆಯ ನಟ್ಟನಡುವಿಗೆ ತಂದು ಫೋಟೋ ತೆಗೆದೆವು. ತುದಿ ಫೋಟೋದಲ್ಲೂ ನಡುವೆಯೇ ಇದೆ. ಅದೇ ತುದಿಯನ್ನು ಬಲ ನಳಿಕೆಯ ನಡುವಿಗೆ ತಂದರೆ ಫೋಟೋದಲ್ಲಿ ಅದು ಸುಮಾರು 195 ಪಿಕ್ಸೆಲ್ ಕೆಳಗೆ ಬೀಳುತ್ತದೆ. ಹತ್ತು ಸಲ ಮಾಡಿದೆವು, ಏರುಪೇರು 30 ಪಿಕ್ಸೆಲ್ ದಾಟಲಿಲ್ಲ. ಫೋಟೋದ ಎತ್ತರ 1944 ಪಿಕ್ಸೆಲ್, ಅದರಲ್ಲಿ ಹಿಡಿಯುವ ನೋಟ 3.75 ಡಿಗ್ರಿ, ಆ ಲೆಕ್ಕದಲ್ಲಿ ಬಲ ನಳಿಕೆ ಸುಮಾರು 0.38 ಡಿಗ್ರಿಯಷ್ಟು ಕೆಳಕ್ಕೆ ವಾಲಿದೆ. ಎಂಟು ಪಟ್ಟು ಹಿಗ್ಗಿ ಕಣ್ಣಿಗೆ ಬರುವಾಗ ಅದು 3 ಡಿಗ್ರಿ. ಕಣ್ಣುಗಳು ಒಳಮುಖವಾಗಿ ಸುಲಭವಾಗಿ ತಿರುಗುತ್ತವೆ, ಆದರೆ ಒಂದು ಮೇಲೆ ಒಂದು ಕೆಳಗೆ ಎಂದು ಹೊಂದಿಕೊಳ್ಳುವುದು ಅವಕ್ಕೆ ತೀರಾ ಕಷ್ಟ. ತಲೆನೋವು ಬರುವುದು ಅದಕ್ಕೇ.

ಕ್ಯಾಮೆರಾ ಮೇಲಿರುವುದರಿಂದ ಹೀಗಾಗುತ್ತದೆ ಎಂಬ ಉತ್ತರ ಬರಬಹುದೆಂದು ಮೊದಲೇ ಹೇಳಿಬಿಡುತ್ತೇವೆ. ಆ 3.5 ಸೆಂ.ಮೀ. ಅಂತರ 5 ಮೀಟರ್ ದೂರದಲ್ಲಿ ಖಂಡಿತ ಲೆಕ್ಕಕ್ಕೆ ಬರುತ್ತದೆ, ಫೋಟೋದ ಎತ್ತರದ ಹತ್ತನೇ ಒಂದು ಭಾಗದಷ್ಟು. 400 ಮೀಟರ್‌ನಲ್ಲಿ ಅದು ಮೂರು ಪಿಕ್ಸೆಲ್ ಕೂಡ ಆಗದು. ದೂರ ಹೆಚ್ಚಿದಂತೆ ಕುಗ್ಗುವುದು ಜಾಗದ ಅಂತರ. ಎಷ್ಟು ದೂರ ಹೋದರೂ ಹಾಗೇ ಉಳಿಯುವುದು ವಾಲಿದ ಪ್ರಿಸಂ. ಅದೂ ಅಲ್ಲದೆ, ಎಡಕ್ಕೂ ಬಲಕ್ಕೂ ಇರುವುದು ಒಂದೇ ಕ್ಯಾಮೆರಾ ತಾನೇ?

ಇನ್ನು ಡಯಾಪ್ಟರ್. ಬಲಗಣ್ಣು ಮುಚ್ಚಿ ಎಡಗಣ್ಣಿಗೆ ಚಕ್ರದಿಂದ ಫೋಕಸ್ ಮಾಡುವುದು, ಆಮೇಲೆ ಎಡಗಣ್ಣು ಮುಚ್ಚಿ, ಚಕ್ರ ಮುಟ್ಟದೆ, ಬಲ ಐಪೀಸಿನ ಉಂಗುರ ತಿರುಗಿಸುವುದು: ಇದು ನಮಗೆ ಗೊತ್ತು. ಆ ಉಂಗುರ ಚಿತ್ರವನ್ನು ಚೂಪು ಮಾಡುತ್ತದೆ, ನಳಿಕೆಯ ದಿಕ್ಕನ್ನು ಬದಲಿಸುವುದಿಲ್ಲ. ಅದನ್ನು ಎಷ್ಟು ತಿರುಗಿಸಿದರೂ ಎರಡು ಚಾವಣಿ ಒಂದಾಗುವುದಿಲ್ಲ.

ತೇವಾಂಶದ ಆರೋಪಕ್ಕೆ ಉತ್ತರ ಬ್ಯಾಟರಿ ಬಾಗಿಲಲ್ಲಿದೆ. ಪೆಟ್ಟಿಗೆಯ ಮೇಲೆ “ನೈಟ್ರೋಜನ್ ತುಂಬಿದ, ಜಲನಿರೋಧಕ” ಎಂದು ಅಚ್ಚಾಗಿದೆ. ನೈಟ್ರೋಜನ್ ಇರುವುದು ನಳಿಕೆಗಳಲ್ಲಿ. ಬ್ಯಾಟರಿ ಮತ್ತು ಮೆಮೊರಿ ಕಾರ್ಡ್ ಬಾಗಿಲುಗಳಿಗೆ ರಬ್ಬರ್ ಉಂಗುರವೇ ಇಲ್ಲ. ಉಗುರಿನಿಂದ ಎಬ್ಬಿಸಿ ನೋಡಿದರೆ ಬರೀ ಪ್ಲಾಸ್ಟಿಕ್ ಅಂಚು. ಕ್ಯಾಮೆರಾ ಕಿಟಕಿಯ ಒಳಗೆ ಮಂಜು ಕಟ್ಟುವುದು ಅಲ್ಲಿಂದ ಹೋದ ಗಾಳಿಯಿಂದ. ನಾವು ಇದನ್ನು ಇಡುವುದು ಸಿಲಿಕಾ ಜೆಲ್ ಹಾಕಿದ ಮುಚ್ಚಿದ ಡಬ್ಬಿಯಲ್ಲಿ, ಬ್ಯಾಟರಿ ತೆಗೆದು. ಇನ್ನು ನೈಟ್ರೋಜನ್ ವಿಷಯಕ್ಕೆ ಬಂದರೆ, ಬಲ ನಳಿಕೆ ತೆರೆದವರು ಅದನ್ನು ಮತ್ತೆ ತುಂಬಿದ್ದಾರೆಯೇ? ಜಾಬ್ ಶೀಟ್‌ನಲ್ಲಿ ಆ ಮಾತಿಲ್ಲ.

ಕೈಪಿಡಿಯ ಬಗ್ಗೆಯೂ ಎರಡು ಮಾತು. “ಮೆತ್ತನೆಯ ಬಟ್ಟೆಯಿಂದ ಒರೆಸಿ” ಎಂಬ ಸಲಹೆ ಅರ್ಧಂಬರ್ಧ. ಮೊದಲು ರಬ್ಬರ್ ಬ್ಲೋವರ್‌ನಿಂದ ಊದಬೇಕು, ಉಳಿದ ಧೂಳನ್ನು ಮೃದು ಕುಂಚದಿಂದ ತಳ್ಳಬೇಕು, ಅದಾದ ಮೇಲೆ ಬಟ್ಟೆ. ಮರಳಿನ ಕಣ ಇದ್ದಾಗ ಒರೆಸಿದರೆ ಲೇಪನಕ್ಕೆ ಗೀರು ಬಿದ್ದಂತೆಯೇ. ಬ್ಯಾಟರಿ ಸೂಚಕ 1.5 ವೋಲ್ಟ್‌ನ ಆಲ್ಕಲೈನ್ ಸೆಲ್‌ಗೆ ಹೊಂದಿಸಿದ್ದು, 1.2 ವೋಲ್ಟ್‌ನ ರೀಚಾರ್ಜಬಲ್ ಸೆಲ್ ನಾಲ್ಕು ಹಾಕಿದರೆ, ಪೂರ್ತಿ ಚಾರ್ಜ್ ಇದ್ದರೂ ಬೇಗನೆ ಖಾಲಿ ಎನ್ನುತ್ತದೆ. ವಿಡಿಯೊವನ್ನು ಮೆಮೊರಿ ಕಾರ್ಡಿಗೆ ಬರೆಯುತ್ತಿರುವಾಗಲೇ ಆಫ್ ಆದರೆ ಫೈಲ್ ಕೆಡುತ್ತದೆ. ಪೆಟ್ಟಿಗೆಯ ಮೇಲಿನ “12 ಮೆಗಾಪಿಕ್ಸೆಲ್” ಕೂಡ ಹಾಗೆಯೇ: ಕೈಪಿಡಿಯ ಕೊನೆಯ ಪುಟದ ಸಣ್ಣ ಅಕ್ಷರ ಓದಿದರೆ ಸೆನ್ಸರ್ 5 ಮೆಗಾಪಿಕ್ಸೆಲ್‌ನದು. ಉಳಿದದ್ದು ಹಿಗ್ಗಿಸಿದ ಚಿತ್ರ. ಫೈಲ್ ದಪ್ಪವಾಗುತ್ತದೆ, ವಿವರ ಹೆಚ್ಚುವುದಿಲ್ಲ.

ನಮ್ಮ ಬೇಡಿಕೆ ಹೀಗಿದೆ. ವಾರಂಟಿ ನಿರಾಕರಣೆಯನ್ನು ಬರಹದಲ್ಲಿ ಹಿಂಪಡೆಯಿರಿ. ಎರಡೂ ನಳಿಕೆಗಳನ್ನು ಕೊಲಿಮೇಟರ್ (ನಳಿಕೆಗಳ ದಿಕ್ಕು ಒಂದೇ ಇದೆಯೇ ಎಂದು ಅಳೆಯುವ ಉಪಕರಣ) ಮೇಲೆ ಹೊಂದಿಸಿ, ಹೊಂದಿಸುವ ಮುನ್ನ ಮತ್ತು ಆನಂತರದ ಅಳತೆಗಳನ್ನು ಜಾಬ್ ಶೀಟ್‌ನಲ್ಲಿ ನಮೂದಿಸಿ, ಬಲ ನಳಿಕೆಗೆ ನೈಟ್ರೋಜನ್ ಮತ್ತೆ ತುಂಬಿ ಕೊಡಿ. ಆಗದಿದ್ದರೆ ಬೇರೆ ಬೈನಾಕ್ಯುಲರ್ ಕೊಡಿ. ಹತ್ತಿರದ ಫೋಟೋ ಮಸುಕೆಂಬ ಮೊದಲ ದೂರನ್ನು ಕೈಬಿಡುತ್ತೇವೆ, ಅದು ವಿನ್ಯಾಸವೇ ಹಾಗಿರುವುದು. ಪತ್ರ ತಲುಪಿದ 15 ದಿನದೊಳಗೆ ಉತ್ತರ ಬಾರದಿದ್ದರೆ ಇದೇ ಫೋಟೋಗಳೊಂದಿಗೆ ಗ್ರಾಹಕ ನ್ಯಾಯಾಲಯಕ್ಕೆ ಹೋಗುತ್ತೇವೆ.

ಲಗತ್ತು: ಎರಡು ಜಾಬ್ ಶೀಟ್‌ಗಳ ಪ್ರತಿ, ಕಂಬದ ತುದಿಯ 20 ಫೋಟೋ (ಎಡ ನಳಿಕೆಗೆ 10, ಬಲಕ್ಕೆ 10), ಅಚ್ಚಿನ ಹಾಳೆಯ ಫೋಟೋಗಳು, ಬ್ಯಾಟರಿ ಬಾಗಿಲಿನ ಅಂಚಿನ ಹತ್ತಿರದ ಚಿತ್ರ. ಫೋಟೋಗಳನ್ನು ಎಲ್ಲಿಯೂ ಕತ್ತರಿಸಿಲ್ಲ, ಕ್ಯಾಮೆರಾದಿಂದ ಬಂದಂತೆಯೇ ಇವೆ.

ಇಂತಿ,
ನಿಮ್ಮ ಗ್ರಾಹಕರು