ನಮ್ಮನೇಲೂ ಕೋವಿ ಇದೆ, ನಿಜ

ಚಿ. ಸುಹಾಸನಿಗೆ ದೊಡ್ಡಮ್ಮನ ಆಶೀರ್ವಾದಗಳು.

ಮೊನ್ನೆ ವಿಡಿಯೋ ಕಾಲಿನಲ್ಲಿ ನೀನು ಕೇಳಿದ್ದು ಇನ್ನೂ ಕಿವಿಯಲ್ಲೇ ಇದೆ. "ದೊಡ್ಡಮ್ಮ, ನಿಮ್ಮನೇಲೂ ಕೋವಿ ಇದೆಯಲ್ಲ, ನಾನೊಂದು ಪಿಸ್ತೂಲ್ ತಗೊಂಡ್ರೆ ಏನು ತಪ್ಪು?" ಅಂತ. ನಾನು ಸುಮ್ಮನಾದೆ. ಉತ್ತರ ಇಲ್ಲ ಅಂತಲ್ಲ, ಪಕ್ಕದಲ್ಲಿ ನಿನ್ನ ದೊಡ್ಡಪ್ಪ ಕೂತಿದ್ದರು. ಅವರ ಮುಂದೆ ಹೇಳುವಂಥ ಉತ್ತರ ಅಲ್ಲ ಅದು. ಅದಕ್ಕೇ ಬರೆಯುತ್ತಿದ್ದೇನೆ. ಉದ್ದ ಆಗುತ್ತದೆ, ಪೂರ್ತಿ ಓದು, ವಾಟ್ಸಾಪ್ ಫಾರ್ವರ್ಡ್ ತರ ಬೆರಳಲ್ಲಿ ಮೇಲೆ ತಳ್ಳಿಬಿಡಬೇಡ.

ಕಾನೂನಿನ ಮಾತು ಮೊದಲು ಮುಗಿಸಿಬಿಡೋಣ. ನೀನು ಅಮೆರಿಕದಲ್ಲಿರೋದು ಎಫ್-1 ವೀಸಾದಲ್ಲಿ, ಅಂದರೆ ಓದೋಕೆ ಬಂದವರ ವೀಸಾದಲ್ಲಿ. ಆ ದೇಶದ ಕೇಂದ್ರ ಕಾನೂನಿನ ಪ್ರಕಾರ ನಿನ್ನಂಥ ವೀಸಾದವರು ಗನ್ ಇಟ್ಟುಕೊಳ್ಳುವಂತಿಲ್ಲ, ಅದರ ಗುಂಡು ಕೂಡ ಇಟ್ಟುಕೊಳ್ಳುವಂತಿಲ್ಲ. ಟೆಕ್ಸಾಸ್ ರಾಜ್ಯ ಎಷ್ಟೇ ಧಾರಾಳವಾಗಿರಲಿ, ಇದು ಬದಲಾಗೋದಿಲ್ಲ. ನಿನ್ನ ರೂಮ್‌ಮೇಟ್ ಹೇಳಿಕೊಟ್ಟ ಉಪಾಯ ಸುಳ್ಳಲ್ಲ, ಬೇಟೆಯ ಲೈಸೆನ್ಸ್ ಇದ್ದವರಿಗೆ ಆ ನಿಷೇಧದಿಂದ ವಿನಾಯಿತಿ ಇದೆ. ಆದರೆ ಅದು ಬೇಟೆ ಆಡೋರಿಗೆ ಅಂತ ಇರೋದು ಮಗಾ. ನೀನು ಯಾವ ಬೇಟೆಗಾರ? ಇಲ್ಲಿ ಕೋಳಿ ಕುಯ್ಯುವ ದಿನ ಕೊಟ್ಟಿಗೆ ಹಿಂದೆ ಓಡಿಹೋಗಿ ಕಿವಿ ಮುಚ್ಚಿಕೊಂಡು ಕೂರುತ್ತಿದ್ದವನು. ಗನ್ ವಿಷಯದಲ್ಲಿ ಒಂದು ಕೇಸಿನಲ್ಲಿ ಶಿಕ್ಷೆಯಾದರೆ ಸಾಕು, ದೇಶದಿಂದಲೇ ಹೊರಗೆ ಹಾಕಬಹುದು. ನಿನ್ನಪ್ಪ ತೋಟದ ಪತ್ರ ಬ್ಯಾಂಕಿನಲ್ಲಿಟ್ಟು ಕಳಿಸಿದ್ದು ಇದಕ್ಕಲ್ಲ.

ಇಷ್ಟಕ್ಕೇ ಪತ್ರ ಮುಗಿಸಬಹುದಿತ್ತು. ಆದರೆ ನಿನಗೆ ಬೇಕಾಗಿರೋದು ಬರೀ "ಬೇಡ" ಅಲ್ಲ. ಕ್ಯಾಂಪಸ್ಸಿಗೆ ಹುಡುಗರು ಗನ್ ತರೋದು ಸರಿಯೋ ತಪ್ಪೋ ಅಂತ ಕ್ಲಾಸಿನಲ್ಲಿ ಚರ್ಚೆ ಇದೆ, ತಾನು ಪರವಾಗಿ ಮಾತಾಡ್ತೀನಿ ಅಂದೆಯಲ್ಲ. ಆವತ್ತಿನಿಂದ ನಿನ್ನ ಅಕ್ಕನ ಕೈಲಿ ಹುಡುಕಿಸಿ ಹುಡುಕಿಸಿ ಓದಿದ್ದೇನೆ. ಮೂವತ್ತು ವರ್ಷ ಪಿಯು ಮಕ್ಕಳಿಗೆ ಇತಿಹಾಸ ಪಾಠ ಮಾಡಿದವಳು ನಾನು, ಅಷ್ಟು ಸುಲಭಕ್ಕೆ ಬಿಡ್ತೀನಾ.

ನೀನು ದಿನಾ ನೋಡುವ ಆ ಟವರ್ ಇದೆಯಲ್ಲ, ಟೆಕ್ಸಾಸ್ ವಿಶ್ವವಿದ್ಯಾಲಯದ ಆಸ್ಟಿನ್ ಕ್ಯಾಂಪಸ್ಸಿನ ನಡುವೆ. 1966ರ ಆಗಸ್ಟ್ 1ರಂದು ಚಾರ್ಲ್ಸ್ ವಿಟ್‌ಮನ್ ಅನ್ನುವ ವಿದ್ಯಾರ್ಥಿ, ಹಿಂದೆ ಸೇನೆಯಲ್ಲಿ ಇದ್ದವನು, ಹಿಂದಿನ ರಾತ್ರಿ ತಾಯಿಯನ್ನೂ ಹೆಂಡತಿಯನ್ನೂ ಕೊಂದು, ಬೆಳಿಗ್ಗೆ ಬಂದೂಕುಗಳ ಪೆಟ್ಟಿಗೆ ಹೊತ್ತುಕೊಂಡು ಅದರ 28ನೇ ಮಹಡಿಗೆ ಹೋದ. 96 ನಿಮಿಷ ಕೆಳಗೆ ಓಡಾಡುವವರ ಮೇಲೆ ಗುಂಡು ಹಾರಿಸಿದ. ಹನ್ನೆರಡಕ್ಕಿಂತ ಹೆಚ್ಚು ಜನ ಸತ್ತರು. ನಿನ್ನ ರೂಮ್‌ಮೇಟ್‌ಗೆ ಈ ಕಥೆ ಇಷ್ಟವಾಗಬಹುದು, ಯಾಕೆಂದರೆ ಅವತ್ತು ಊರ ಜನ ತಮ್ಮ ತಮ್ಮ ಬಂದೂಕು ತಂದು ಕೆಳಗಿನಿಂದ ಹೊಡೆದರು, ಅವನು ಗೋಡೆಯ ಮರೆಗೆ ಸರಿಯಬೇಕಾಯಿತು. ಪೊಲೀಸರ ಜೊತೆ ಮೇಲೆ ಹತ್ತಿದವರಲ್ಲಿ ಪುಸ್ತಕದ ಅಂಗಡಿಯ ಮ್ಯಾನೇಜರ್ ಒಬ್ಬರೂ ಇದ್ದರು. ಇದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ನನ್ನ ತಲೆಯಲ್ಲಿ ಉಳಿದದ್ದು ಇನ್ನೊಂದು. ಅದಕ್ಕೆ ನಾಲ್ಕು ತಿಂಗಳ ಹಿಂದೆ ಅವನೇ ವಿಶ್ವವಿದ್ಯಾಲಯದ ವೈದ್ಯರ ಹತ್ತಿರ ಹೋಗಿ, ಟವರ್ ಹತ್ತಿ ಜನರಿಗೆ ಗುಂಡು ಹೊಡೆಯಬೇಕು ಅನ್ನಿಸುತ್ತಿದೆ ಅಂತ ಹೇಳಿಕೊಂಡಿದ್ದ. ತನ್ನ ತಲೆಯೊಳಗೆ ಏನೋ ಸರಿಯಿಲ್ಲ ಅಂತ ಅವನಿಗೇ ಗೊತ್ತಿತ್ತು.

ಅದಾಗಿ ಸರಿಯಾಗಿ 50 ವರ್ಷಕ್ಕೆ, 2016ರ ಅದೇ ಆಗಸ್ಟ್ 1ಕ್ಕೆ, ಟೆಕ್ಸಾಸಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಲೈಸೆನ್ಸ್ ಇದ್ದವರು ಬಚ್ಚಿಟ್ಟುಕೊಂಡು ಗನ್ ತರಬಹುದು ಅನ್ನುವ ಕಾನೂನು ಜಾರಿಗೆ ಬಂತು. ಬೇರೆ ದಿನ ಸಿಗಲಿಲ್ಲವಾ ಅಂತ ನನಗನ್ನಿಸಿತು. ಸಾಮಾನ್ಯವಾಗಿ 21 ವರ್ಷ ಆಗಿರಬೇಕು, ಹೊರಗೆ ಕಾಣುವಂತಿಲ್ಲ. 2021ರಿಂದ ರಸ್ತೆಯಲ್ಲಿ ಒಯ್ಯಲು ಆ ರಾಜ್ಯದಲ್ಲಿ ಲೈಸೆನ್ಸೇ ಬೇಡವಂತೆ, ಕ್ಯಾಂಪಸ್ಸಿಗೆ ಮಾತ್ರ ಇನ್ನೂ ಬೇಕು. ಖಾಸಗಿ ವಿಶ್ವವಿದ್ಯಾಲಯಗಳಿಗೆ ಒಲ್ಲೆ ಅನ್ನುವ ಅವಕಾಶ ಕೊಟ್ಟಿದ್ದರು. ರೈಸ್, ಬೇಯ್ಲರ್ ಎಲ್ಲ ಒಲ್ಲೆ ಅಂದವು. ಆಗ ನಿನ್ನ ವಿಶ್ವವಿದ್ಯಾಲಯ ವ್ಯವಸ್ಥೆಯ ಚಾನ್ಸಲರ್ ಆಗಿದ್ದವರು ವಿಲಿಯಂ ಮೆಕ್‌ರೇವನ್. ಬಿನ್ ಲಾಡೆನ್‌ನನ್ನು ಕೊಂದ ಕಾರ್ಯಾಚರಣೆಯ ಉಸ್ತುವಾರಿ ನೋಡಿಕೊಂಡ ನೌಕಾಪಡೆಯ ಅಡ್ಮಿರಲ್. ಅವರೇ ಈ ಕಾನೂನು ಬೇಡ ಅಂದರು. ಗನ್ ಕಂಡರೆ ನಡುಗುವ ಮೇಷ್ಟ್ರು ಅಂತ ಅವರನ್ನು ತಳ್ಳಿಹಾಕೋಕೆ ಆಗುತ್ತಾ? (ಆ ವರ್ಷ ನಿನ್ನ ಕ್ಯಾಂಪಸ್ಸಿನ ಹುಡುಗಿಯರು ಏನು ಕೈಯಲ್ಲಿ ಹಿಡಿದುಕೊಂಡು ಪ್ರತಿಭಟನೆ ಮಾಡಿದರು ಅಂತ ನಿನ್ನ ಅಕ್ಕ ಓದಿ ಹೇಳಿದಳು. ನಾನದನ್ನು ಇಲ್ಲಿ ಬರೆಯುವುದಿಲ್ಲ. ನಕ್ಕೆವು ಅಷ್ಟೇ.)

ನಿನ್ನ ಕಡೆಯ ವಾದಕ್ಕೂ ತೂಕ ಇದೆ. 2007ರ ಏಪ್ರಿಲ್ 16ರಂದು ವರ್ಜೀನಿಯಾ ಟೆಕ್‌ನಲ್ಲಿ ಒಬ್ಬ ವಿದ್ಯಾರ್ಥಿ 32 ಜನರನ್ನು ಕೊಂದ. ಅದರಲ್ಲಿ ನಮ್ಮ ತಮಿಳುನಾಡಿನಿಂದ ಹೋಗಿದ್ದ ಪ್ರೊಫೆಸರ್ ಜಿ.ವಿ. ಲೋಗನಾಥನ್ ಇದ್ದರು, ಮುಂಬೈಯ ಹುಡುಗಿ ಮಿನಲ್ ಪಾಂಚಾಲ್ ಇದ್ದಳು. ಅವತ್ತು ಒಬ್ಬರ ಹತ್ತಿರವಾದರೂ ಗನ್ ಇದ್ದಿದ್ದರೆ ಅನ್ನುವ ಪ್ರಶ್ನೆಯಿಂದಲೇ ಕ್ಯಾಂಪಸ್ಸಿಗೆ ಗನ್ ತರಲು ಬಿಡಿ ಅನ್ನುವ ಚಳವಳಿ ಜೋರಾಗಿದ್ದು. "ಗನ್ ನಿಷೇಧಿಸಿದೆ" ಅನ್ನುವ ಬೋರ್ಡು ಓದಿ ಯಾವ ಕೊಲೆಗಡುಕನೂ ವಾಪಸ್ ಹೋಗಲ್ಲ, ಅದೂ ನಿಜವೇ. 2016ರ ಜೂನ್ 1ಕ್ಕೆ ಲಾಸ್ ಏಂಜಲಿಸ್‌ನ ಯುಸಿಎಲ್‌ಎಯಲ್ಲಿ ಐಐಟಿ ಖರಗ್‌ಪುರದಲ್ಲಿ ಓದಿ ಹೋಗಿದ್ದವನೊಬ್ಬ ಪ್ರೊಫೆಸರ್ ವಿಲಿಯಂ ಕ್ಲಗ್ ಅವರನ್ನು ಕೊಂದು ತಾನೂ ಸತ್ತನಲ್ಲ, ಅಲ್ಲಿ ಕ್ಯಾಂಪಸ್ಸಿಗೆ ಗನ್ ತರುವಂತಿರಲಿಲ್ಲ. ಮತ್ತೆ ಟೆಕ್ಸಾಸಿನಲ್ಲಿ ಇಷ್ಟು ವರ್ಷದಲ್ಲಿ ವಿರೋಧಿಗಳು ಹೆದರಿದ ಹಾಗೆ ಕ್ಲಾಸು ಕ್ಲಾಸಿನಲ್ಲಿ ಗುಂಡಿನ ಕಾಳಗವೇನೂ ಆಗಲಿಲ್ಲ. ಇದನ್ನೆಲ್ಲ ಚರ್ಚೆಯಲ್ಲಿ ಹೇಳು, ಹೇಳಲೇಬೇಕು.

ಹೇಳಿದ ಮೇಲೆ ಇದನ್ನೂ ಹೇಳು. 2015ರ ಅಕ್ಟೋಬರ್‌ನಲ್ಲಿ ಆರೆಗಾನ್ ರಾಜ್ಯದ ಅಂಪ್ಕ್ವಾ ಕಾಲೇಜಿನಲ್ಲಿ ಗುಂಡಿನ ದಾಳಿಯಾಗಿ 9 ಜನ ಸತ್ತಾಗ, ಗನ್ ಇದ್ದ ಒಬ್ಬ ಮಾಜಿ ಸೈನಿಕ ಅದೇ ಕ್ಯಾಂಪಸ್ಸಿನಲ್ಲಿದ್ದ. ಅವನು ಓಡಿಹೋಗಿ ಹೊಡೆದಾಡಲಿಲ್ಲ. ಪೊಲೀಸರು ಬಂದರೆ ಗನ್ ಹಿಡಿದ ತನ್ನನ್ನೇ ಹಂತಕ ಅಂದುಕೊಂಡರೆ ಏನು ಗತಿ ಅಂತ ಯೋಚಿಸಿದ. ತರಬೇತಿ ಪಡೆದವನ ಬುದ್ಧಿ ಅದು. ಇನ್ನು ನೀನು, ಕಂದು ಬಣ್ಣದವನು, ಗಡ್ಡ ಬೇರೆ ಬಿಟ್ಟಿದ್ದೀಯ. ಗನ್ ಹಿಡಿದು ಕಾರಿಡಾರಿನಲ್ಲಿ ನಿಂತರೆ ನಿನ್ನನ್ನು ಯಾರು ರಕ್ಷಕ ಅಂದುಕೊಳ್ಳುತ್ತಾರೆ? ಹೇಳೋಕೆ ಬೇಜಾರು, ಆದರೆ ಹೇಳದೇ ಇರೋಕಾಗಲ್ಲ. ಇನ್ನು ಜೋಪಾನದ ಮಾತು. ಐಡಹೋ ರಾಜ್ಯದಲ್ಲಿ 2014ರಲ್ಲಿ ಇಂಥದೇ ಕಾನೂನು ಬಂತು, ಎರಡು ತಿಂಗಳಾಗುತ್ತಿದ್ದ ಹಾಗೆ ಕೆಮಿಸ್ಟ್ರಿ ಕ್ಲಾಸಿನಲ್ಲಿ ಪ್ರೊಫೆಸರ್ ಒಬ್ಬರ ಜೇಬಿನಲ್ಲಿದ್ದ ಗನ್ ತಾನಾಗಿ ಹಾರಿ ಅವರದೇ ಪಾದಕ್ಕೆ ಹೊಡೆಯಿತು. ಲೈಸೆನ್ಸ್ ಇದ್ದವರೇ ಪಾಪ.

ಮೇಷ್ಟ್ರಾಗಿ ನನಗೆ ಜಾಸ್ತಿ ಚುಚ್ಚಿದ್ದು ಹ್ಯೂಸ್ಟನ್‌ನ ಸುದ್ದಿ. ಕಾನೂನು ಬರುವ ಮುಂಚೆ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಿಗೆ ಒಂದು ಸ್ಲೈಡ್ ತೋರಿಸಿದರಂತೆ. ಸೂಕ್ಷ್ಮ ವಿಷಯ ಚರ್ಚಿಸುವಾಗ ಹುಷಾರು, ಕೆಲವು ವಿಷಯ ಪಾಠದಿಂದಲೇ ಬಿಡಬೇಕಾಗಬಹುದು, ಹುಡುಗರಿಗೆ ಸಿಟ್ಟು ಬಂದಂತೆ ಕಂಡರೆ ಆ ಕಡೆ ಹೋಗಬೇಡಿ, ಹೀಗೆ. ನಾನು ಟಿಪ್ಪುವಿನ ಪಾಠ ಮಾಡಿದ್ದೇನೆ, ಮೀಸಲಾತಿಯ ಪಾಠ ಮಾಡಿದ್ದೇನೆ. ಹುಡುಗರು ಬೆಂಚು ಗುದ್ದಿ ಎದ್ದು ಹೋಗಿದ್ದಾರೆ. ಒಬ್ಬನಂತೂ ಇಂಟರ್ನಲ್ ಮಾರ್ಕ್ಸ್ ಕಮ್ಮಿ ಆಯಿತು ಅಂತ ಸ್ಟಾಫ್ ರೂಮಿಗೆ ಬಂದು, ಮೇಜಿನ ಮೇಲಿದ್ದ ಗ್ಲೋಬ್ ಎತ್ತಿ ನೆಲಕ್ಕೆ ಹೊಡೆದ. ಗ್ಲೋಬ್ ಸೀಳಿತು. ಮಾರನೇ ದಿನ ಅವನೇ ಸೆಲೋ ಟೇಪ್ ತಂದು ಅಂಟಿಸಿದ. ಈಗ ಬೆಂಗಳೂರಿನಲ್ಲಿ ಒಳ್ಳೆ ಕೆಲಸದಲ್ಲಿದ್ದಾನೆ, ಮದುವೆಗೆ ಕರೆದಿದ್ದ, ಹೋಗಿ ಊಟ ಮಾಡಿ ಬಂದೆ. ಅವತ್ತು ಅವನ ಕೈಗೆ ಸಿಕ್ಕಿದ್ದು ಗ್ಲೋಬ್. ಅಷ್ಟೇ ನಾನು ಹೇಳೋದು. ಆಸ್ಟಿನ್‌ನ ಮೂವರು ಪ್ರೊಫೆಸರುಗಳು ಈ ಭಯದಿಂದ ನಾವು ಬಾಯಿ ಮುಚ್ಚಿಕೊಳ್ಳಬೇಕಾಗುತ್ತದೆ ಅಂತ ಕೋರ್ಟಿಗೆ ಹೋದರು, 2018ರಲ್ಲಿ ಮೇಲ್ಮನವಿಯಲ್ಲೂ ಸೋತರು. ಕೋರ್ಟು ಒಪ್ಪಲಿಲ್ಲ. ನಾನು ಒಪ್ಪುತ್ತೇನೆ.

ಈಗ ನಮ್ಮನೆ ಕೋವಿಗೆ ಬರೋಣ.

ಅದು ಬೆಳೆ ರಕ್ಷಣೆಗೆ ಅಂತ ಕೊಟ್ಟ ಲೈಸೆನ್ಸಿನ ಕೋವಿ, ನಿನ್ನ ಅಜ್ಜನ ಕಾಲದ ಒಂಟಿ ನಳಿಗೆಯದು. ಪಕ್ಕದ ಕೊಡಗಿನಲ್ಲಿ ಕೊಡವರಿಗೂ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಭೂಮಿಯವರಿಗೂ ಲೈಸೆನ್ಸೇ ಬೇಡ, ಬ್ರಿಟಿಷರ ಕಾಲದ ವಿನಾಯಿತಿ ಇನ್ನೂ ನಡೆಯುತ್ತಿದೆ, ಕೈಲ್ ಪೊಳ್ದ್ ಹಬ್ಬಕ್ಕೆ ಕೋವಿಗೆ ಹೂವಿಟ್ಟು ಪೂಜೆ ಮಾಡುತ್ತಾರೆ. ನಮಗೆ ಆ ಭಾಗ್ಯ ಇಲ್ಲ. ಲೈಸೆನ್ಸ್ ನವೀಕರಣಕ್ಕೆ ಅಲೆದಾಟ, ಚುನಾವಣೆ ಬಂತೆಂದರೆ ಕೋವಿ ಹೊತ್ತುಕೊಂಡು ಹೋಗಿ ಠಾಣೆಯಲ್ಲಿಟ್ಟು ಚೀಟಿ ಇಸಿದುಕೊಂಡು ಬರಬೇಕು. ಅದೇ ವಾರ ಹಂದಿಗಳು ಗದ್ದೆಗೆ ಬರುತ್ತವೆ, ಅವಕ್ಕೂ ನೀತಿ ಸಂಹಿತೆ ಗೊತ್ತಾಗುತ್ತೋ ಏನೋ. ನಿನ್ನ ದೊಡ್ಡಪ್ಪ ಬೈದುಕೊಂಡೇ ಹೋಗಿ ಇಟ್ಟು ಬರುತ್ತಾರೆ. ಕೋವಿ ನಡುಮನೆಯ ಗೋಡೆಯಲ್ಲಿ, ತೋಟಾ ಒಳಕೋಣೆಯ ಬೀರುವಿನಲ್ಲಿ, ಬೀರುವಿನ ಕೀಲಿ ನನ್ನ ಸೊಂಟದಲ್ಲಿ. ಅದು ನಿನ್ನ ಅಜ್ಜಿ ಮಾಡಿದ ಏರ್ಪಾಡು. ಸಣ್ಣವಳಿದ್ದಾಗ ನನಗದು ಶಾಸ್ತ್ರ ಅನ್ನಿಸುತ್ತಿತ್ತು.

2002ರ ಮಾತು. ನೀನು ಹುಟ್ಟಿದ ವರ್ಷ. ಕಾಫಿ ರೇಟು ನೆಲ ಕಚ್ಚಿತ್ತು, ಕುಯ್ಯುವ ಕೂಲಿಯೂ ಹುಟ್ಟುತ್ತಿರಲಿಲ್ಲ, ಸಾಲದವರು ಮನೆ ಮುಂದೆ ಬಂದು ಕೂರುತ್ತಿದ್ದರು, ಕೂತು ಕಾಫಿ ಕುಡಿದೇ ಹೋಗುತ್ತಿದ್ದರು ಅನ್ನು. ನಿನ್ನ ದೊಡ್ಡಪ್ಪ ಮಾತು ಬಿಟ್ಟರು. ಊಟಕ್ಕೆ ಕೂತರೆ ಅನ್ನ ಕಲಸುತ್ತಲೇ ಇರುತ್ತಿದ್ದರು. ಒಂದು ರಾತ್ರಿ ಎಚ್ಚರವಾಗಿ ನೋಡಿದರೆ ಪಕ್ಕದಲ್ಲಿಲ್ಲ. ನಡುಮನೆಯಲ್ಲಿ ದೀಪ ಹಾಕದೆ, ಕೋವಿ ತೊಡೆಯ ಮೇಲಿಟ್ಟುಕೊಂಡು, ಬಟ್ಟೆ ಹಿಡಿದು ಒರೆಸುತ್ತಿದ್ದರು. ಕತ್ತಲಲ್ಲಿ. ಏನು ಅಂದೆ. ತುಕ್ಕು ಹಿಡಿದಿದೆ ಅಂದರು. ನಾನು ಒಳಗೆ ಬಂದು ಸದ್ದಾಗದ ಹಾಗೆ ಬೀರು ತೆಗೆದು, ತೋಟಾ ಎಲ್ಲ ಸೆರಗಿಗೆ ಸುರಿದುಕೊಂಡು, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಅಟ್ಟದ ಮೇಲಿದ್ದ ಖಾಲಿ ಮಿಡಿಗಾಯಿ ಭರಣಿಗೆ ಹಾಕಿ ಬಾಯಿ ಕಟ್ಟಿದೆ. ಬೆಳಗಿನ ಜಾವ ಅವರು ಬೀರುವಿನ ಕೀಲಿ ಕೇಳಿದರು. ಕೊಟ್ಟೆ. ಹುಡುಕಿದರು. "ತೋಟಾ ಎಲ್ಲಿ?" ಅಂದರು. "ಇಲಿ ಎಳೆದುಕೊಂಡು ಹೋಗಿರಬೇಕು" ಅಂದುಬಿಟ್ಟೆ. ಇಲಿ ತೋಟಾ ಎಳೆಯುತ್ತಾ, ನೀನೇ ಹೇಳು. ಅವರು ನನ್ನ ಮುಖ ನೋಡಿದರು, ಸುಮಾರು ಹೊತ್ತು. ಆಮೇಲೆ ಹೊರಗೆ ಹೋಗಿ ಜಗಲಿಯ ಮೇಲೆ ಕೂತು ಅತ್ತರು. ಮದುವೆಯಾಗಿ ಹದಿನೆಂಟು ವರ್ಷಕ್ಕೆ ಅದೇ ಮೊದಲು ನಾನು ನೋಡಿದ್ದು.

ಅದಕ್ಕೇ ಮೊನ್ನೆ ನಾನು ಸುಮ್ಮನಾದದ್ದು. ನಮ್ಮನೇಲೂ ಕೋವಿ ಇದೆ, ನಿಜ. ಆದರೆ ಕೋವಿಗೂ ತೋಟಾಕ್ಕೂ ನಡುವೆ ಒಂದು ಕೋಣೆ ಇದೆ, ಒಂದು ಕೀಲಿ ಇದೆ, ನಾನಿದ್ದೇನೆ. ಗುಂಡು ತುಂಬಿ ಸೊಂಟದಲ್ಲಿ ಸಿಕ್ಕಿಸಿಕೊಂಡ ಪಿಸ್ತೂಲಿಗೆ ಅದ್ಯಾವುದೂ ಇಲ್ಲ. ಅಮೆರಿಕದಲ್ಲಿ ಪ್ರತಿ ವರ್ಷ ಗುಂಡಿಗೆ ಸಾಯುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ತಮ್ಮ ಕೈಯಾರೆ ಸಾಯುವವರು. ಕ್ಯಾಂಪಸ್ ಚರ್ಚೆಯಲ್ಲಿ ಎಲ್ಲರೂ ಹೊರಗಿಂದ ನುಗ್ಗುವ ಹಂತಕನ ಬಗ್ಗೆಯೇ ಮಾತಾಡ್ತಾರೆ. ಪರೀಕ್ಷೆ ಕೆಟ್ಟ ರಾತ್ರಿ, ಹುಡುಗಿ ಬಿಟ್ಟುಹೋದ ರಾತ್ರಿ, ಕೆಲಸ ಸಿಗದೆ ವೀಸಾದ ದಿನ ಎಣಿಸುವ ರಾತ್ರಿ, ಇವುಗಳ ಬಗ್ಗೆ ಯಾರೂ ಮಾತಾಡಲ್ಲ. ನೀನು ಮಾತಾಡು. ಪರವಾಗಿಯೋ ವಿರೋಧವಾಗಿಯೋ ಆಮೇಲೆ ನೋಡೋಣ.

ನಿನ್ನ ಅಪಾರ್ಟ್‌ಮೆಂಟಿನಲ್ಲಿ ಕಳ್ಳತನ ಆಯಿತು ಅಂದೆ, ಭಯ ಆಗೋದು ಸಹಜ. ಬಾಗಿಲಿಗೆ ಒಳ್ಳೆ ಚಿಲಕ ಹಾಕಿಸು. ಲೈಬ್ರರಿಯಿಂದ ರಾತ್ರಿ ಒಬ್ಬನೇ ನಡೆದುಕೊಂಡು ಬರಬೇಡ, ಜೊತೆ ಮಾಡಿಕೋ. ರೂಮ್‌ಮೇಟ್ ಒಳ್ಳೆ ಹುಡುಗನೇ ಇರಬಹುದು, ಆದರೆ ಅವನ ಪಿಸ್ತೂಲ್ ಎಲ್ಲಿಡುತ್ತಾನೆ, ಪೆಟ್ಟಿಗೆಗೆ ಬೀಗ ಇದೆಯಾ ಅಂತ ನಾಚಿಕೆ ಬಿಟ್ಟು ಕೇಳು. ಬರೀ ನೋಡೋಕೆ ಅಂತಲೂ ಅದನ್ನು ಮುಟ್ಟಬೇಡ, ಫೋಟೋ ತೆಗೆಸಿಕೊಳ್ಳೋಕಂತೂ ಬೇಡವೇ ಬೇಡ. ಮತ್ತೆ ನೀನೂ ಈ ನಡುವೆ ಊಟ ಬಿಡ್ತಿದ್ದೀಯ, ಮುಖ ನೋಡಿದರೆ ಗೊತ್ತಾಗುತ್ತೆ. ಗೈಡ್ ಸರಿಯಿಲ್ಲ ಅಂತ ನಿನ್ನಮ್ಮನ ಹತ್ತಿರ ಹೇಳಿದೆಯಂತೆ. ಕ್ಯಾಂಪಸ್ಸಿನಲ್ಲಿ ಕೌನ್ಸೆಲಿಂಗ್ ಇದೆಯಲ್ಲ, ಹೋಗು. ಹುಚ್ಚು ಹಿಡಿದವರಿಗೆ ಮಾತ್ರ ಅದು ಅನ್ನಬೇಡ. ಅದಕ್ಕೂ ಮನಸ್ಸಿಲ್ಲದಿದ್ದರೆ ನನಗೆ ಫೋನ್ ಮಾಡು, ನಿನಗೆ ನಡುರಾತ್ರಿ ಆದರೆ ನನಗೆ ಹಗಲು, ಹೇಗೂ ಎದ್ದೇ ಇರುತ್ತೇನೆ.

ಶನಿವಾರ ಮಾತಾಡೋಣ. ದೊಡ್ಡಪ್ಪ ಪಕ್ಕದಲ್ಲಿದ್ದರೆ ಭರಣಿ ವಿಷಯ ಎತ್ತಬೇಡ. ಇಲಿಯೇ ಎಳೆದುಕೊಂಡು ಹೋಯಿತು ಅಂತ ಅವರು ಇವತ್ತಿಗೂ ನಂಬಿದ್ದಾರೆ, ಅಥವಾ ನಂಬಿದ ಹಾಗೆ ಇದ್ದಾರೆ.

ನಿನ್ನ,
ದೊಡ್ಡಮ್ಮ