ಕೌಂಟರ್‌ಪಾಯಿಂಟ್ ಕಲಿಯುತ್ತಿರುವ ಮಗಳಿಗೆ

ಪುಟ್ಟಿ,

ನಿನ್ನ ಮೇಲ್ ಓದಿದೆ, ರೆಕಾರ್ಡಿಂಗನ್ನೂ ಕೇಳಿದೆ. ಫೋನಿನಲ್ಲಿ ಅವಸರದಲ್ಲಿ ಹೇಳುವುದಕ್ಕಿಂತ ಬರೆಯುವುದೇ ಸರಿ ಅನ್ನಿಸಿತು. ನೀನು ಕೇಳಿರುವುದು ಎರಡು ಮಾತು. ದಿನವೂ ಕೌಂಟರ್‌ಪಾಯಿಂಟ್, ಅಂದರೆ ಒಂದು ಹಾಡಿನ ಎದುರು ಇನ್ನೊಂದು ಹಾಡು ಹೆಣೆಯುವ ಅಭ್ಯಾಸವನ್ನೇ ಬರೆಯುತ್ತಾ ಕೂತರೆ ನನ್ನ ಸಂಗೀತ ಬರೆಯೋದು ಯಾವಾಗ? ಮತ್ತೆ, ನಾನು ಬರೆದದ್ದರಲ್ಲಿ ಮೈಸೂರು ಎಲ್ಲಿದೆ?

ಮೊದಲನೆಯದು ಮೊದಲು. ತಂಬೂರಿಯ ಸ-ಪ ಕಿವಿಗೆ ಬೀಳುತ್ತಲೇ ಬೆಳೆದವಳು ನೀನು. ಕೌಂಟರ್‌ಪಾಯಿಂಟಿನಲ್ಲಿ ಎರಡು ಧ್ವನಿಗಳು ಪಂಚಮದ ಅಂತರದಲ್ಲಿ ಜೋಡಿಯಾಗಿ ನಡೆಯಬಾರದು ಅಂದರೆ ನಿನಗೆ ಸಿಟ್ಟು ಬರುವುದು ಸಹಜ. ಆದರೆ ಸ್ವಲ್ಪ ಯೋಚನೆ ಮಾಡು. ಸ-ಪ ಅಷ್ಟು ಚೆನ್ನಾಗಿ ಒಂದರೊಳಗೊಂದು ಬೆರೆಯುತ್ತದೆ ಅಂತಲೇ ಅಲ್ವಾ ಅದನ್ನು ಶ್ರುತಿಗೆ ಇಟ್ಟುಕೊಂಡಿರುವುದು? ಹಾಗೆ ಬೆರೆಯುವ ಎರಡು ಸ್ವರಗಳು ಒಟ್ಟಿಗೇ ಹತ್ತಿ ಒಟ್ಟಿಗೇ ಇಳಿದರೆ ಎರಡು ಧ್ವನಿ ಅನ್ನಿಸುವುದೇ ಇಲ್ಲ. ಒಂದೇ ದಪ್ಪ ಧ್ವನಿ ಕೇಳುತ್ತದೆ. ಕೌಂಟರ್‌ಪಾಯಿಂಟಿಗೆ ಬೇಕಾದದ್ದು ಒಟ್ಟಿಗಿದ್ದೂ ಬೇರೆ ಬೇರೆಯಾಗಿ ಕೇಳುವ ಎರಡು ಹಾಡು. ಆ ನಿಯಮ ನಮ್ಮ ಕಿವಿಗೆ ವಿರುದ್ಧವಾಗಿಲ್ಲ. ನಮ್ಮ ಕಿವಿಗೆ ಗೊತ್ತಿರುವುದನ್ನೇ ಇನ್ನೊಂದು ಕೆಲಸಕ್ಕೆ ಬಳಸುತ್ತಿದೆ.

ನೀನು ಬರೆಯುತ್ತಿರುವ ಅಭ್ಯಾಸಗಳ ಕ್ರಮ ಫುಕ್ಸ್ ಅನ್ನುವ ಸಂಗೀತಕಾರ 1725ರಲ್ಲಿ ವಿಯೆನ್ನಾದಲ್ಲಿ ಪ್ರಕಟಿಸಿದ ಪುಸ್ತಕದ್ದು ಅಂತ ನೀನೇ ಹೇಳಿದ್ದೆ. ಅದು ಗುರು ಮತ್ತು ಶಿಷ್ಯ ಮಾತಾಡಿಕೊಳ್ಳುವ ರೂಪದಲ್ಲಿದೆ ಅಂದಾಗ ನನಗೆ ಬಹಳ ಖುಷಿಯಾಗಿತ್ತು. ಮೊದಲು ಒಂದು ಸ್ವರದ ಎದುರು ಒಂದೇ ಸ್ವರ. ಆಮೇಲೆ ಎರಡು. ಆಮೇಲೆ ನಾಲ್ಕು. ನಮ್ಮ ನಡುಮನೆಯಲ್ಲಿ ಸಂಜೆ ಮಕ್ಕಳು ಮಾಯಾಮಾಳವಗೌಳದಲ್ಲಿ ಸರಳೆ ವರಸೆಯನ್ನು ಮೂರು ಕಾಲದಲ್ಲಿ ಹೇಳುವುದಕ್ಕೂ ಇದಕ್ಕೂ ಎಷ್ಟು ಹತ್ತಿರ! ಆ ರಾಗವನ್ನು ಮಕ್ಕಳಿಗೆ ಸುಮ್ನೆ ಆರಿಸಿಲ್ಲ. ಸ-ರಿ-ಗ-ಮ ಹೇಗೆ ಜೋಡಿಸಿದೆಯೋ ಪ-ಧ-ನಿ-ಸ ಕೂಡ ಹಾಗೇ ಇದೆ. ಕೆಳಗಿನ ಅರ್ಧ ಗಂಟಲಿಗೆ ಕೂತರೆ ಮೇಲಿನ ಅರ್ಧ ತಾನಾಗಿ ಬರುತ್ತದೆ. ಈ ಪಾಠಗಳನ್ನು ಜೋಡಿಸಿಕೊಟ್ಟವರು ಪುರಂದರದಾಸರು ಅಂತ ನಾವು ನಂಬಿಕೊಂಡು ಬಂದಿದ್ದೇವೆ. ಸರಳೆ ಹೇಳುವ ಮಗುವನ್ನು 'ನಿನ್ನದು ಅನ್ನುವ ಹಾಡು ಎಲ್ಲಿ' ಅಂತ ಯಾರೂ ಕೇಳುವುದಿಲ್ಲ.

ವಿಯೆನ್ನಾದ ಸಂಗೀತಕಾರ ಶೂಬರ್ಟ್ ವಿಷಯ ನಿನಗೆ ಗೊತ್ತಿರಬಹುದು. ಆದರೂ ಹೇಳುತ್ತೇನೆ. ಆರುನೂರಕ್ಕೂ ಹೆಚ್ಚು ಹಾಡು ಬರೆದಾಗಿತ್ತು. ಸಿಂಫನಿ, ಕ್ವಾರ್ಟೆಟ್ ಎಲ್ಲ ಆಗಿತ್ತು. 1828ರ ನವೆಂಬರ್‌ನಲ್ಲಿ, 31ನೇ ವಯಸ್ಸಿನಲ್ಲಿ, ಅವನು ಸೈಮನ್ ಸೆಖ್ಟರ್ ಹತ್ತಿರ ಕೌಂಟರ್‌ಪಾಯಿಂಟ್ ಪಾಠಕ್ಕೆ ಹೋದ. ಅದೇ ತಿಂಗಳ 19ಕ್ಕೆ ತೀರಿಕೊಂಡ. ಅಷ್ಟೆಲ್ಲ ಬರೆದವನಿಗೂ ಇನ್ನೂ ಕಲಿಯಬೇಕು ಅನ್ನಿಸಿತಲ್ಲ, ಅದು ನನ್ನ ಮನಸ್ಸಿನಿಂದ ಹೋಗುವುದೇ ಇಲ್ಲ.

ಈಗ ಎರಡು ಪಿಟೀಲು, ವಿಯೋಲಾ, ಚೆಲ್ಲೋಗೆ ನೀನು ಬರೆದ ಕ್ವಾರ್ಟೆಟ್‌ನ ರೆಕಾರ್ಡಿಂಗ್. ಮೂರನೇ ನಿಮಿಷದ ಹತ್ತಿರ ಎರಡನೇ ಪಿಟೀಲು ಇದ್ದಕ್ಕಿದ್ದಂತೆ ನಿಂತುಹೋಗುತ್ತದೆ. ಹಾಳೆ ಸರಿಸುವ ಸದ್ದು, ಯಾರೋ 'ಪುಟ ತಿರುಗಿಸೋಕೆ ಕೈಯೇ ಬಿಡುವಿಲ್ಲ' ಅನ್ನುತ್ತಾರೆ, ಎಲ್ಲರೂ ನಗುತ್ತಾರೆ. ನಿನಗೆ ಅವಮಾನ ಆಯ್ತು ಅಂತ ಬರೆದಿದ್ದೀಯ. ನನಗೆ ಮಾತ್ರ ಇಡೀ ರೆಕಾರ್ಡಿಂಗಿನಲ್ಲಿ ಅದೇ ಅಮೂಲ್ಯ. ನಮ್ಮಲ್ಲಿ ವಾಗ್ಗೇಯಕಾರರು ತಾವೇ ಹಾಡುತ್ತಿದ್ದರು. ಉಸಿರು ಎಲ್ಲಿ ತೆಗೆದುಕೊಳ್ಳಬೇಕು ಅನ್ನುವುದು ಅವರ ಗಂಟಲಿಗೇ ಗೊತ್ತಿರುತ್ತಿತ್ತು. ಶಿಷ್ಯರು ಎದುರಿಗೆ ಕೂತು ಕಲಿಯುತ್ತಿದ್ದರು. ನೀನು ಆರಿಸಿಕೊಂಡಿರುವ ಕೆಲಸದಲ್ಲಿ ನುಡಿಸುವವರು ಬೇರೆ, ಅವರ ಮುಂದೆ ಇರುವುದು ನಿನ್ನ ಹಾಳೆ ಮಾತ್ರ. ಅವರ ಕೈ, ಬಿಲ್ಲು, ಉಸಿರು ಎಲ್ಲವನ್ನೂ ನೀನು ಮೊದಲೇ ಯೋಚಿಸಿರಬೇಕು. ಪುಟದ ಕೊನೆಗೆ ಎರಡು ಬಾರ್ ವಿರಾಮ ಇಡುವುದೂ ಕಾಂಪೊಸಿಷನ್ನೇ. ಇಂಥದ್ದನ್ನು ಮನೆಯಲ್ಲಿ ಒಬ್ಬಳೇ ಕಂಪ್ಯೂಟರ್ ಮುಂದೆ ಕೂತು ಕಲಿಯೋಕೆ ಆಗುವುದಿಲ್ಲ. ಅಷ್ಟು ದೂರ ನಿನ್ನನ್ನು ಕಳಿಸಿದ್ದು ಇದಕ್ಕಾಗಿಯೇ.

ಇನ್ನು ಮೈಸೂರು. ತೋಡಿ ರಾಗವನ್ನು ಕ್ವಾರ್ಟೆಟ್‌ಗೆ ತರಲು ನೋಡಿದೆ, ಸಪ್ಪೆಯಾಯಿತು ಅಂತ ಬರೆದಿದ್ದೀಯ. ಆಗಲೇಬೇಕು, ಪುಟ್ಟಿ. ತೋಡಿಯ ಗಾಂಧಾರ ಒಂದು ಕಡೆ ನಿಲ್ಲುವ ಸ್ವರವಲ್ಲ. ತೂಗಾಡುತ್ತಲೇ ಇರುತ್ತದೆ, ಆ ತೂಗಾಟವೇ ತೋಡಿ. ಕೆಳಗೆ ಚೆಲ್ಲೋ, ವಿಯೋಲಾ ಹಲವು ಸ್ವರ ಒಟ್ಟಿಗೆ ಕೇಳುವ ಕಾರ್ಡ್ ಹಿಡಿದು ನಿಂತರೆ ಆ ಗಾಂಧಾರವನ್ನೂ ಹಿಡಿದು ನಿಲ್ಲಿಸುತ್ತವೆ. ಆಮೇಲೆ ಉಳಿಯುವುದು ಆರೋಹಣ, ಅವರೋಹಣ ಅಷ್ಟೇ.

ನಮ್ಮ ಜಯಚಾಮರಾಜ ಒಡೆಯರ್ ಅವರನ್ನೇ ನೋಡು. ಪಿಯಾನೋ ಕಲಿತವರು. ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಸ್ಕೂಲಿನ ಲೈಸೆನ್ಷಿಯೇಟ್ ಅರ್ಹತೆ 1945ರಲ್ಲಿ ಸಿಕ್ಕಿತ್ತು. ಜರ್ಮನ್ ಸಂಗೀತಕಾರ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳು 1950ರ ಮೇ 22ರಂದು ಮೊದಲ ಸಲ ಕೇಳಿಸಿದ್ದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ, ನಿನ್ನ ಕಾಲೇಜಿನ ಎದುರಿಗೇ. ಆ ಕಛೇರಿಯ ಖರ್ಚಿಗೆ ಭರವಸೆ ಕೊಟ್ಟು ನಿಂತವರು ನಮ್ಮ ಮಹಾರಾಜರು. ಅಷ್ಟು ಪಾಶ್ಚಾತ್ಯ ಸಂಗೀತ ತಲೆಯಲ್ಲಿ ತುಂಬಿಕೊಂಡಿದ್ದವರು ಕೃತಿ ರಚಿಸಿದಾಗ ಏನು ಮಾಡಿದರು? 'ಶ್ರೀ ಜಾಲಂಧರ' ಹಾಡಿ ನೋಡು. ಗಂಭೀರನಾಟ ರಾಗ ಗಂಭೀರನಾಟವಾಗಿಯೇ ಇದೆ. ಎರಡನ್ನೂ ಪ್ರೀತಿಸಿದರು, ಒಂದನ್ನು ತಂದು ಇನ್ನೊಂದಕ್ಕೆ ಅಂಟಿಸಲಿಲ್ಲ.

ನಿನ್ನ ಕಾಲೇಜಿನಲ್ಲೇ ಓದಿದ ಗುಸ್ತಾವ್ ಹೋಲ್ಸ್ಟ್ ಋಗ್ವೇದದ ಸೂಕ್ತಗಳಿಗೆ ಸಂಗೀತ ಬರೆಯಲು ಸಂಸ್ಕೃತವನ್ನೇ ಕಲಿಯಲು ಹೊರಟ. ಸಾವಿತ್ರಿಯ ಕಥೆಯನ್ನು ಪುಟ್ಟ ಒಪೆರಾ ಮಾಡಿದ. ಅದರಲ್ಲಿ ರಾಗದ ಅನುಕರಣೆ ಇಲ್ಲ, ಅವನಿಗೆ ಗೊತ್ತಿದ್ದ ಭಾಷೆಯಲ್ಲೇ ಬರೆದ. ನಿನ್ನೊಳಗಿನ ತೋಡಿಯೂ ಒಂದು ದಿನ ಎಲ್ಲೋ ಒಂದು ತಿರುವಿನಲ್ಲಿ ಬರಬಹುದು. ಮೈಸೂರಿನವಳು ಅಂತ ತೋರಿಸಿಕೊಳ್ಳಲು ಅದನ್ನು ಎಳೆದು ತರಬೇಡ.

ನೆಂಟರು ಕೇಳುವ ಪ್ರಶ್ನೆಗೆ ತಲೆ ಕೆಡಿಸಿಕೊಳ್ಳಬೇಡ. ಸಿನಿಮಾಗೆ ಮ್ಯೂಸಿಕ್ ಮಾಡ್ತಾಳಾ, ಎಷ್ಟು ಸಂಬಳ ಬರುತ್ತೆ ಅಂತ ನನ್ನನ್ನೂ ಕೇಳುತ್ತಾರೆ. ಕಷ್ಟ ಇಲ್ಲ ಅಂತ ನಾನು ಸುಳ್ಳು ಹೇಳಲಾರೆ. ಇದೇ ಹೋಲ್ಸ್ಟ್ ಕೈ ನೋವಿನಿಂದ ಪಿಯಾನೋ ಬಿಟ್ಟು, ಆರ್ಕೆಸ್ಟ್ರಾಗಳಲ್ಲಿ ಟ್ರೊಂಬೋನ್ ಊದಿ ಹೊಟ್ಟೆ ಹೊರೆದ. ಆಮೇಲೆ ಹೆಣ್ಣುಮಕ್ಕಳ ಶಾಲೆಯಲ್ಲಿ 1905ರಿಂದ ಸಾಯುವವರೆಗೂ ಮೇಷ್ಟರಾಗಿದ್ದ. ಗ್ರಹಗಳ ಮೇಲಿನ ಆ ದೊಡ್ಡ ಕೃತಿಯನ್ನು ಬರೆದದ್ದೂ ಪಾಠ ಹೇಳಿ ಉಳಿದ ಹೊತ್ತಿನಲ್ಲೇ. ನೀನೂ ಪಾಠ ಹೇಳಬೇಕಾಗಬಹುದು, ಬೇರೆಯವರ ಹಾಡಿಗೆ ಅರೇಂಜ್ ಮಾಡಬೇಕಾಗಬಹುದು. ಮಾಡು. ಪಾಠ ಹೇಳಿ ಬದುಕುವುದು ಒಳ್ಳೆಯ ಬದುಕು, ಅದು ನನಗೆ ಚೆನ್ನಾಗಿ ಗೊತ್ತು.

ಒಬ್ಬೊಬ್ಬರು ನೋಡಿ ನುಡಿಸುವ ಪಾರ್ಟುಗಳನ್ನು ಸರಿ ಮಾಡಿದ ಮೇಲೆ, ನಾಲ್ವರ ಸಾಲೂ ಒಟ್ಟಿಗಿರುವ ಪೂರ್ತಿ ಸ್ಕೋರ್ ಕಳಿಸು. ಸ್ಟಾಫ್ ನೊಟೇಷನ್ ಓದೋದು ನನಗೆ ಇನ್ನೂ ನಿಧಾನ, ಆದರೆ ಪಿಟೀಲಿನ ಸಾಲು ಈಗ ಬರುತ್ತದೆ. ಯಾವ ಗೆರೆ ಯಾವ ಸ್ವರ ಅಂತ ಹೇಳುವ ಗುರುತು, ಆ ವಿಯೋಲಾದ ಕ್ಲೆಫ್, ಹೇಗೆ ಓದಬೇಕು ಅಂತ ಒಂದು ಹಾಳೆಯಲ್ಲಿ ಸ-ರಿ-ಗ ಹಾಕಿ ಬರೆದುಕೊಡು. ಶನಿವಾರ ಫೋನ್ ಮಾಡು, ಅಪ್ಪನೂ ಮನೆಯಲ್ಲಿರುತ್ತಾರೆ.

ಪ್ರೀತಿಯಿಂದ,
ಅಮ್ಮ